ನೂಲಾ ಅವರ ಹನ್ನೊಂದು ಹೋರಿಗಳು

ನನ್ನ ಮಾವ ಇಸಾಕ್ ಸಾಹೇಬರು ಎರಡು ತಿಂಗಳ ಮಟ್ಟಿಗೆಂದು ಫೆಬ್ರವರಿಯಲ್ಲಿ ಐರ್ಲೆಂಡಿನ ಲೂಕನ್ನಿಗೆ ಬಂದವರು, ಕೊರೋನಾ ಲಾಕ್‌ಡೌನಿಗೆ ವಿಮಾನಗಳು ನಿಂತುಹೋಗಿ ನಮ್ಮ ಮನೆಯಲ್ಲೇ ಸಿಕ್ಕಿಬಿದ್ದರು. ನಿಜವಾಗಿ ಸಿಕ್ಕಿಬಿದ್ದವಳು ನಾನು. ಗಂಡ ನೂಮಾನ್ ಮಹಡಿಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೆಲಸ ಮಾಡುತ್ತಿದ್ದ. ನಾನು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದೆ. ಹಾಗಾಗಿ ಮಾವನಿಗೆ ಮಾತಿಗೆ ಸಿಗುತ್ತಿದ್ದವಳು ನಾನೊಬ್ಬಳೇ. ದಿನಕ್ಕೆ ಆರು ಸಲ ಚಹಾ, ಪ್ರತಿ ಚಹಾಕ್ಕೂ ರಾಣೆಬೆನ್ನೂರಿನ ದನದ ಸಂತೆಯ ಒಂದು ಕತೆ. ಅಲ್ಲಿ ಅವರು ನಲವತ್ತು ವರ್ಷ ದಲ್ಲಾಳಿಯಾಗಿದ್ದರು. ಕೊಳ್ಳುವವನ ಬೆರಳನ್ನು ಟವೆಲ್ಲಿನ ಮರೆಯಲ್ಲಿ ಹಿಡಿದು, ಬಾಯಿಬಿಡದೆ ಬೆಲೆ ಕುದುರಿಸುವ ಕಸುಬು. ನಾನು ಮಾತ್ರ ಗೆಳತಿಯರ ಹತ್ತಿರ 'ಮಾವನದು ಬಿಸಿನೆಸ್' ಎಂದಷ್ಟೇ ಹೇಳಿ ಮಾತು ತೇಲಿಸಿಬಿಡುತ್ತಿದ್ದೆ.

ಮೇ ತಿಂಗಳಲ್ಲಿ ಮನೆಯಿಂದ ಐದು ಕಿಲೋಮೀಟರ್ ಓಡಾಡಬಹುದು ಎಂದು ಸರ್ಕಾರ ಹೇಳಿದ್ದೇ ತಡ, ಮಾವ ಕಾಲಿಗೆ ಚಕ್ರ ಕಟ್ಟಿಕೊಂಡರು. ಮೂರನೇ ದಿನ ಮಧ್ಯಾಹ್ನ ಬಂದು, ನಮ್ಮ ಬಡಾವಣೆ ಮುಗಿಯುವಲ್ಲಿ ಒಂದು ಹೊಲವಿದೆ, ಅದರಲ್ಲಿ ಹನ್ನೊಂದು ಹೋರಿಗಳಿವೆ, ಯಜಮಾನಿ ಏನೋ ಹೇಳುತ್ತಾರೆ ಅರ್ಥವಾಗುತ್ತಿಲ್ಲ, ನೀನು ಬಾ ಎಂದರು. ಮೀಟಿಂಗ್ ಇದೆ ಎಂದೆ. ಕಿವಿಗೆ ಹಾಕಿಕೊಳ್ಳಲಿಲ್ಲ.

ಯಜಮಾನಿ ನೂಲಾ ಎಪ್ಪತ್ತನಾಲ್ಕರ ಹೆಂಗಸು. ಗೇಟಿನ ಆಚೆ ಎರಡು ಮೀಟರ್ ದೂರದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಅವರು ಹೇಳಿದ್ದು ಇಷ್ಟು. ಹೋರಿಗಳನ್ನು ಅರ್ಧ ಬೆಳೆಸಿ, ಹುಲ್ಲಿರುವ ಬೇರೆ ರೈತನಿಗೆ ಕೊಬ್ಬಿಸಲು ಮಾರುವುದು ಅವರ ಕಸುಬು. ಏಪ್ರಿಲ್‌ನಲ್ಲೇ ಮಾರಬೇಕಿತ್ತು. ಹೋಟೆಲುಗಳು ಮುಚ್ಚಿ ಮಾಂಸದ ಬೆಲೆ ನೆಲ ಕಚ್ಚಿದೆ. ಮಾರುವ ತೀರ್ಮಾನವನ್ನು ಯಾವಾಗಲೂ ಅಣ್ಣ ಮಾಡುತ್ತಿದ್ದ, ಅವನು ಕಳೆದ ಚಳಿಗಾಲದಲ್ಲಿ ತೀರಿಕೊಂಡ. ಕಿಲೋಗೆ ಎರಡು ಯೂರೋ ಹತ್ತು ಸೆಂಟ್ ಬಂದರೆ ಶರತ್ಕಾಲಕ್ಕೆ ಮತ್ತೆ ಕರುಗಳನ್ನು ಕೊಂಡು ಬೇಸಾಯ ಮುಂದುವರಿಸಬಹುದು. ಬರದಿದ್ದರೆ ಅಣ್ಣನ ಮಗ ಹೇಳಿದಂತೆ ಜೂನ್ ಕೊನೆಗೆ ಹೊಲವನ್ನು ಗುತ್ತಿಗೆಗೆ ಕೊಟ್ಟು ಸುಮ್ಮನಿರಬೇಕು. ಮೊನ್ನೆ ಒಬ್ಬ ವ್ಯಾಪಾರಿ ಗೇಟಿಗೇ ಬಂದು ಒಂದು ಯೂರೋ ಎಂಬತ್ತಕ್ಕೆ ಕೇಳಿದ್ದನಂತೆ.

ಮಾವ ಹೋರಿಯ ಬಾಯಿ ತೆರೆಸಿ ಹಲ್ಲು ನೋಡಬೇಕು, ವಯಸ್ಸು ತಿಳಿಯಬೇಕು ಎಂದರು. ನೂಲಾ ಒಳಗಿನಿಂದ ಹನ್ನೊಂದು ಕಾರ್ಡು ತಂದು ಗೇಟಿನ ಮೇಲಿಟ್ಟರು. ಇಲ್ಲಿ ದನಗಳಿಗೂ ಪಾಸ್‌ಪೋರ್ಟ್ ಇದೆ, ಹುಟ್ಟಿದ ತಾರೀಕು ಅದರಲ್ಲೇ ಇರುತ್ತದೆ. ತಮ್ಮ ವೀಸಾ ಮುಗಿಯುತ್ತಾ ಬಂದಿದ್ದ ಮಾವ ಆ ಕಾರ್ಡುಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಒಂದು ವಾರ ದಿನವೂ ಹೋಗಿ ಗೇಟಿನ ಹತ್ತಿರ ನಿಂತರು. ಹೋರಿ ಹೇಗೆ ಮೇಯುತ್ತದೆ, ಸಗಣಿ ಎಷ್ಟು ಗಟ್ಟಿ, ಚಳಿಗಾಲದ ಕೂದಲು ಎಷ್ಟು ಉದುರಿದೆ, ಇದೇ ನೋಡುವುದು. ನಾನು ಮೂಗು ಮುರಿದೆ. ಎಂಟನೇ ದಿನ ನನ್ನನ್ನು ಕರೆದೊಯ್ದು ಹೇಳಿದರು:

"ಈಗ ಮಾರಬ್ಯಾಡ ಅನ್ನು ಆಕಿಗೆ. ಕೊಳ್ಳಾಂವ ದನಾ ನೋಡಿ ಕೊಳ್ಳಂಗಿಲ್ಲ, ತನ್ನ ಹೊಲದಾಗಿನ ಹುಲ್ಲು ನೋಡಿ ಕೊಳ್ತಾನ. ಮಳಿ ಆಗಲಿ. ಹುಲ್ಲು ಎದ್ದ ಮ್ಯಾಲೆ ಮೇಯೋ ಬಾಯಿ ಹುಡುಕ್ಕೊಂಡು ಅವರೇ ಬರ್ತಾರ."

"ಮಳೆ ಬರ್ದೇ ಹೋದ್ರೆ?" ಎಂದೆ.

"ಬರದಿದ್ರ ನಂದು ತಪ್ಪು."

ಇನ್ನೊಬ್ಬರ ಹೊಲ ಉಳಿಯುವ ಮಾತು ಇಷ್ಟು ಸಲೀಸಾಗಿ ಆಡುತ್ತಾರಲ್ಲ ಎಂದು ನನಗೆ ಸಿಟ್ಟು ಬಂತು. ಇಂಗ್ಲಿಷಿಗೆ ಹಾಕುವಾಗ 'ಇದು ಅವರ ಅಭಿಪ್ರಾಯ ಅಷ್ಟೇ' ಎಂದು ನನ್ನದೂ ಒಂದು ಮಾತು ಸೇರಿಸಿದೆ. ನೂಲಾ ನಕ್ಕು, 'ಗ್ರ್ಯಾಂಡ್', ಅಂದರೆ ಆಗಲಿ, ಕಾಯುತ್ತೇನೆ ಎಂದರು.

ಆ ವರ್ಷ ಐರ್ಲೆಂಡಿನಲ್ಲಿ ಮಳೆಯೇ ಇಲ್ಲ. ಯಾರನ್ನು ಕೇಳಿದರೂ ಇಂಥ ವಸಂತ ಕಂಡಿಲ್ಲ ಎನ್ನುತ್ತಿದ್ದರು. ಹೊಲ ಹಳದಿಯಾಯಿತು. ಅಣ್ಣನ ಮಗ ಗುತ್ತಿಗೆಯ ಕಾಗದ ಬರೆಸಿಟ್ಟ. ನಾನು ಬೆಳಿಗ್ಗೆ ಎದ್ದೊಡನೆ ಫೋನಿನಲ್ಲಿ ಹವಾಮಾನ ನೋಡತೊಡಗಿದೆ. ಜೀವಮಾನದಲ್ಲಿ ಹೋರಿ ಮುಟ್ಟಿದವಳಲ್ಲ ನಾನು, ಆದರೂ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಜೂನ್ ನಡುವೆ ಒಂದು ದಿನ ಮಳೆ ಹಿಡಿಯಿತು, ಮೂರು ದಿನ ಬಿಡಲಿಲ್ಲ. ವಾರದೊಳಗೆ ನೆಲದ ಬಣ್ಣವೇ ಬದಲಾಯಿತು. ಹುಲ್ಲು ಅಷ್ಟು ಬೇಗ ಏಳುವುದನ್ನು ನಾನು ಮೊದಲ ಸಲ ಕಣ್ಣಾರೆ ಕಂಡು ದಂಗಾಗಿ ನಿಂತೆ.

ಕೊಳ್ಳುವವರು ಕೇಳತೊಡಗಿದ ಮೇಲೆ ನೂಲಾ ಹೋರಿಗಳನ್ನು ದನದ ಮಾರುಕಟ್ಟೆಯ ಹರಾಜಿಗೆ ಹಾಕಿದರು. ಹರಾಜಿನ ದಿನ ಬೆಳಿಗ್ಗೆ ಲಾರಿ ಬಂದು ಹೋರಿಗಳನ್ನು ಒಯ್ದಿತು. ಮಾರುಕಟ್ಟೆಯ ಒಳಗೆ ಜನರಿಗೆ ಪ್ರವೇಶವಿಲ್ಲ. ಕೊಳ್ಳುವವರೆಲ್ಲ ತಮ್ಮ ತಮ್ಮ ಮನೆಯಿಂದಲೇ ಫೋನಿನ ಆ್ಯಪಿನಲ್ಲಿ ಬೆಲೆ ಒತ್ತಿ ಕೂಗಬೇಕು. ಅವರ ಹೆಸರೂ ಕಾಣುವುದಿಲ್ಲ, ಬರೀ ನಂಬರು. ಮಾಲೀಕರ ಪರದೆಯಲ್ಲಿ ಒಂದು ಹಸಿರು ಗುಂಡಿ ಇರುತ್ತದೆ. ಒತ್ತಿದರೆ ಆಗ ಇರುವ ಬೆಲೆಗೆ ಕೊಟ್ಟಂತೆ. ಒತ್ತದಿದ್ದರೆ ದನ ಅದೇ ಲಾರಿಯಲ್ಲಿ ವಾಪಸ್. ನಾನು ನನ್ನ ಲ್ಯಾಪ್‌ಟಾಪನ್ನು ನೂಲಾ ಅವರ ಕೊಟ್ಟಿಗೆಯಲ್ಲಿ ಒಂದು ಡಬ್ಬಿಯ ಮೇಲೆ ಇಟ್ಟುಕೊಟ್ಟು ಮಾವನ ಜೊತೆ ದೂರ ಸರಿದೆ. ನೂಲಾ ಅದರ ಮುಂದೆ ಕೂತರು.

ಹನ್ನೊಂದೂ ಒಟ್ಟಿಗೆ, ಕಿಲೋಗೆ ಒಂದು ಯೂರೋ ತೊಂಬತ್ತರಿಂದ ಶುರುವಾಯಿತು. ಬೇಗ ಬೇಗ ಏರಿ ಎರಡು ಯೂರೋ ಆರು ಸೆಂಟಿಗೆ ನಿಂತಿತು. ನಾನಾಗಿದ್ದರೆ ಅಲ್ಲೇ ಒತ್ತಿಬಿಡುತ್ತಿದ್ದೆ. ಮಾವ ಪರದೆಯಿಂದ ಕಣ್ಣು ಕೀಳದೆ, ಉಳಿದವರು ಇಬ್ಬರೇ, ಏಳನೇ ನಂಬರಿನವನು ದುಡುಕಿ ಕೂಗುತ್ತಾನೆ, ಇಪ್ಪತ್ತೆರಡರವನು ಪ್ರತಿ ಸಲ ತಡೆದು ಕೂಗುತ್ತಾನೆ, ಅವನದಿನ್ನೂ ಮುಗಿದಿಲ್ಲ ಎಂದು ನನಗೆ ಪಿಸುಗುಟ್ಟಿದರು. ಇಂಗ್ಲಿಷ್ ಬಾರದ ಅವರು ಮುಖ ಕಾಣದ, ಬೆರಳು ಸಿಗದ ಆ ಹರಾಜನ್ನು ಓದುತ್ತಿದ್ದರು. ಹೇಳಿದಂತೆಯೇ ಆಯಿತು, ಎರಡು ಎಂಟು, ಎರಡು ಹತ್ತು, ಎರಡು ಹನ್ನೆರಡು.

"ಸಾಕು," ಎಂದರು ಮಾವ. ಏನಂದರು ಎಂದು ನೂಲಾ ತಿರುಗಿ ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮಾವ ಕೈ ಅಡ್ಡ ಮಾಡಿದರು.

"ಬ್ಯಾಡ, ಹೇಳಬ್ಯಾಡ. ಕೊಟ್ಟೆ ಅನ್ನೋ ಮಾತು ದನದ ಒಡತಿದು. ದಲ್ಲಾಳಿ ಬಾಯಾಗ ಬರಬಾರದು."

ತಮ್ಮ ಮುಖ ನೋಡಿ ಆಕೆ ಊಹಿಸಿಬಿಟ್ಟಾರು ಎಂದು ಗೋಡೆಯ ಕಡೆ ತಿರುಗಿ ನಿಂತರು.

ನೂಲಾ ಒತ್ತಲಿಲ್ಲ. ಹರಾಜಿನವನು ಒಂದು ಸಲ ಎಚ್ಚರಿಸಿದ, ಎರಡು ಸಲ ಎಚ್ಚರಿಸಿದ. ಪರದೆ ಹಾಗೇ ನಿಂತಿತ್ತು. ಹೋಯಿತು, ಹೊಲ ಹೋಯಿತು ಎಂದುಕೊಂಡೆ. ಆಗ ಇಪ್ಪತ್ತೆರಡರವನು ಕೂಗಿದ, ಎರಡು ಹದಿನಾಲ್ಕು. ಏಳನೇ ನಂಬರಿನವನು ತಕ್ಷಣ ಹದಿನೈದು ಎಂದ. ಮತ್ತೆ ದೀರ್ಘ ಮೌನ. ಇಪ್ಪತ್ತೆರಡು ಒಮ್ಮೆಲೇ ಮೂರು ಸೆಂಟ್ ಹಾರಿ ಹದಿನೆಂಟು ಎಂದದ್ದೇ, ನೂಲಾ ಗುಂಡಿ ಒತ್ತಿದರು.

ಇಷ್ಟು ಹೊತ್ತು ಹೇಗೆ ಕಾದಿರಿ ಎಂದು ಕೇಳಿದೆ. ಅವರು ಉತ್ತರ ಹೇಳಿದ್ದು ನನಗಲ್ಲ, ಮಾವನಿಗೆ. ಹೆಸರು ಕಾಣದಿದ್ದರೂ, ಆ ಇಪ್ಪತ್ತೆರಡು ಯಾರೆಂದು ತಡದಿಂದಲೇ ಅವರಿಗೆ ಗೊತ್ತಾಗಿತ್ತು. ಸಂತೆಯಲ್ಲೂ ತಲೆಯ ಟೋಪಿ ತೆಗೆದು ಮತ್ತೆ ಹಾಕಿಕೊಳ್ಳದೆ ಅವನು ಬೆಲೆ ಕೂಗುವವನಲ್ಲ, ಅದಕ್ಕೇ ಆ ತಡ. ಮೂರು ಸೆಂಟ್ ಹಾರಿದ ಎಂದರೆ ಅವನ ತಾಳ್ಮೆ ಮುಗಿಯಿತು, ಇನ್ನೊಂದು ಕೂಗಿಗೆ ಎದ್ದುಹೋಗುತ್ತಾನೆ.

"ಅಣ್ಣ ಮುಂದೆ ನಿಂತು ಮಾರುತ್ತಿದ್ದ. ನಾನು ಹಿಂದಿನ ಬೆಂಚಿನಲ್ಲಿ ಮೂವತ್ತು ವರ್ಷ ಕೂತು ನೋಡಿದೆ," ಎಂದರು ನೂಲಾ. "ನಿನಗೇನು ಅನ್ನಿಸುತ್ತೆ ಅಂತ ಯಾರೂ ಕೇಳಲಿಲ್ಲ."

ನಾನು ಕನ್ನಡದಲ್ಲಿ ಹೇಳಿದೆ. ತಾವು ನಲವತ್ತು ವರ್ಷ ಬೆರಳು ಹಿಡಿದೇ ಕಲಿತದ್ದನ್ನು ಈಕೆ ದೂರ ಕೂತು ಕಲಿತಿದ್ದಾಳೆ, ತಾವಾಗಿದ್ದರೆ ಆರು ಸೆಂಟ್ ಮೊದಲೇ ಬಿಟ್ಟುಕೊಡುತ್ತಿದ್ದುದಾಗಿ ಮಾವ ಹೇಳಿದರು. ಅವರ ಕಣ್ಣು ತುಂಬಿತ್ತು. ಈ ಇಬ್ಬರ ನಡುವೆ ನಿಂತ ನನಗೆ ನನ್ನ ಓದು, ಸಂಬಳ ಎಲ್ಲ ಬಹಳ ಸಣ್ಣದಾಗಿ ಕಂಡವು.

ನೂಲಾ ಅಲ್ಲೇ ಅಣ್ಣನ ಮಗನಿಗೆ ಫೋನ್ ಮಾಡಿ, ಗುತ್ತಿಗೆಯ ಕಾಗದ ಬೇಡ, ಸೆಪ್ಟೆಂಬರ್‌ನಲ್ಲಿ ಕರು ತರಲು ಟ್ರೇಲರ್ ಬೇಕು ಎಂದರು. ಯಾರು ಹೇಳಿಕೊಟ್ಟರು ಎಂದು ಅವನು ಕೇಳಿದ್ದು ನಮಗೂ ಕೇಳಿಸಿತು. ನೂಲಾ ಮಾವನನ್ನು ಒಮ್ಮೆ ನೋಡಿದರು.

"ಯಾರೂ ಇಲ್ಲ," ಎಂದರು. "ನಾನೇ ಮಾರಿದೆ."

ಏನಂದರು ಎಂದು ಮಾವ ಕೇಳಿದರು. ಹೇಳಲೋ ಬೇಡವೋ ಎಂದು ಅಳುಕುತ್ತಲೇ ಹೇಳಿದೆ. ಮಾವ ಗೋಣು ಹಾಕಿದರು.

"ಖರೇ ಐತಿ," ಎಂದರು. "ಆಕಿನೇ ಮಾರಿದ್ದು."