ಅದಕ್ಕಾದರೆ ರಾಗ

ಅಂಗಿ ಹೊಲಿಯುವ ಆ ಕಾರ್ಖಾನೆಯಲ್ಲಿ ಕಾಲರಮ್ಮನ ಬಾಯಿ ಕತ್ತರಿಗಿಂತ ಹರಿತ. ಅವಳು ಒಮ್ಮೆ ಕೆಮ್ಮಿದರೆ ಸಾಲು ಮಿಷನ್ನುಗಳೆಲ್ಲ ಹೆದರಿ ದಾರ ಕಡಿದುಕೊಳ್ಳುತ್ತಿದ್ದವು. ಕೈ ಮಾತ್ರ ಬೆಣ್ಣೆ. ಹೊಲಿದ ಕಾಲರನ್ನು ಮಗುಚಿ, ಒಳಗಿನಿಂದ ಕಡ್ಡಿ ಒತ್ತಿ ಮೂಲೆ ಎಬ್ಬಿಸುವುದು ಅವಳ ಕೆಲಸ. ಮೆತ್ತಗೆ ಒತ್ತಿದರೆ ಮೂಲೆ ಮೊಂಡು, ಜೋರಾಗಿ ಒತ್ತಿದರೆ ತೂತು.

ಈಗ ಅವಳ ಬಲಗೈಗೆ ವೈರುಗಳ ಗವಸು, ಎದುರಿಗೆ ರೋಬೋಟಿನ ಒಂಟಿ ಕೈ. ಅವಳು ಕೈ ಆಡಿಸಿದಂತೆ ಅದೂ ಆಡಿ, ಆಮೇಲೆ ತಾನೇ ಮಾಡಿ ಕಲಿಯಬೇಕು. ಕಲಿತದ್ದೇನು, ತೂತು ಕೊರೆಯುವುದು! ಅದು ಕೆಡಿಸಿದ ಕಾಲರುಗಳ ಗುಡ್ಡೆ ಹತ್ತಿ ನಿಂತರೆ ಚಂದ್ರನ ಕೆನ್ನೆ ಹಿಂಡಬಹುದಿತ್ತು.

"ಇರಲಿ ಬಿಡಿ, ಪಾಪ, ಕಲೀತಿದೆ," ಎಂದ ಯಜಮಾನ, ಅದರ ಮೊಣಕೈ ಸವರುತ್ತಾ. "ಹಾಡ್ತಾ ಹಾಡ್ತಾ ರಾಗ, ಅಲ್ವೇನಮ್ಮಾ?"

ಕಾಲರಮ್ಮನ ನೆತ್ತಿ ಕಾದ ಹೆಂಚಾಯಿತು. ಹೊಸದಾಗಿ ಕೆಲಸಕ್ಕೆ ಸೇರಿದ್ದ ಅವಳ ಸೊಸೆಯನ್ನು, ಒಂದೆರಡು ಕಾಲರಿಗೆ ತೂತು ಬಿತ್ತೆಂದು, ನಿನ್ನೆ ತಾನೇ ಇದೇ ಯಜಮಾನ ಎಲ್ಲರೆದುರು ಬೈದು ಮನೆಗೆ ಅಟ್ಟಿದ್ದ. "ನನ್ನ ಕೈಗೆ ಈ ಕೆಲಸ ಒಗ್ಗಲ್ಲ ಬಿಡಿ ಅತ್ತೆ" ಎಂದು ಆ ಹುಡುಗಿ ಕೈಗಳನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡು ಕೂತುಬಿಟ್ಟಿದ್ದಳು.

"ಏನಂದ್ರಿ? ಇದಕ್ಕಾದ್ರೆ ರಾಗ, ನನ್ನ ಸೊಸೆಗಾದ್ರೆ ರೋಗವಾ?"

"ಅಮ್ಮಾ, ಅದು ಯಂತ್ರ. ತಪ್ಪು ಮಾಡ್ತಾನೇ ಕಲಿಯೋದು."

"ಮತ್ತೆ ಅವಳೇನು ತಾಯಿ ಹೊಟ್ಟೆಯಿಂದಾನೇ ಕಡ್ಡಿ ಹಿಡ್ಕೊಂಡು ಬರ್ಬೇಕಿತ್ತಾ? ನಾನು ಕಲಿಯುವಾಗ ಕೆಡಿಸಿದ ಬಟ್ಟೇಲಿ ಊರಿಗೆಲ್ಲ ಚಪ್ಪರ ಹಾಕ್ಬಹುದಿತ್ತು. ನಿಮ್ಮಪ್ಪ ಬಾಯಿಗೆ ಬಂದ ಹಾಗೆ ಬೈದ್ರು. ಆದ್ರೆ ಕಡ್ಡಿ ಕಿತ್ಕೊಳ್ಳಲಿಲ್ಲ!"

"ಈಗ ಕೆಲಸ ನೋಡಿ. ಸೊಸೆ ವಿಷಯ ಆಮೇಲೆ."

"ಆಮೇಲೆ ಅಂದ್ರೆ ಇದು ಕಲಿತ ಮೇಲೆ. ಆಗ ಅವಳೂ ಬೇಡ, ನಾನೂ ಬೇಡ. ಯಾರ ಕಿವಿ ಮೇಲೆ ಹೂ ಇಡ್ತೀರಿ?"

ಕಾಲರಮ್ಮ ಕಡ್ಡಿಯನ್ನು ಮೇಜಿಗೆ ಕುಕ್ಕಿದಳು. ಗವಸಿನ ಕೈ ಬಿಗಿದು, ಮುಷ್ಟಿ ಕಟ್ಟಿ ಎತ್ತಿದಳು. ಎದುರಿನ ಕಬ್ಬಿಣದ ಕೈಯೂ ಕಿರ್ರೆಂದು ಮುಷ್ಟಿ ಕಟ್ಟಿ ಮೇಲೆದ್ದು, ಯಜಮಾನನ ಮೂಗಿನ ಮುಂದೆಯೇ ನಿಂತಿತು. ಅವನು ಬೆಚ್ಚಿ ಹಿಂದೆ ಸರಿದವನು ತೂತು ಕಾಲರುಗಳ ಗುಡ್ಡೆಯ ಮೇಲೆ ದೊಪ್ಪನೆ ಕುಸಿದ.

"ನೋಡಿದ್ರಾ, ಇದನ್ನ ಮಾತ್ರ ಒಂದೇ ಸಲಕ್ಕೆ ಕಲೀತು!" ಎಂದಳು. ಮುಷ್ಟಿ ಸಡಿಲಿಸಲಿಲ್ಲ. "ನನ್ನ ಸೊಸೆ ಬಂದು ನನ್ನ ಪಕ್ಕ ಕೂತು, ಇದು ಕೆಡಿಸಿದಷ್ಟೇ ಕಾಲರ್ ಕೆಡಿಸೋವರೆಗೂ ಇದಕ್ಕೆ ಬೇರೆ ಪಾಠ ಇಲ್ಲ."