ಹುಡುಕದ ಬಾಣ

ಅಕ್ಟೋಬರ್ ತಿಂಗಳ ಮೊದಲ ವಾರ, ಮೇಪಲ್ ಮರಗಳು ಅರ್ಧ ಬೋಳಾಗಿದ್ದ ಕಾಲ. ಮಧ್ಯಾಹ್ನದ ಕಾಫಿ ಮುಗಿದು ಮತ್ತೊಂದು ಕಾಫಿಗೆ ನೀರಿಟ್ಟ ಹೊತ್ತು. ಮಿಶಿಗನ್‌ನ ಬಡಗಣ ಕಾಡಿನ ಬೇಟೆ ಗುಡಿಸಲಿನ ಮುಂದೆ ಸುಲೊ ಹಕಾಲಾ ತನ್ನ ಬಿಲ್ಲಿಗೆ ಹೆದೆ ಏರಿಸುತ್ತಿದ್ದ. ಏರಿಸುತ್ತಿದ್ದ ಎನ್ನುವುದು ಗೌರವಕ್ಕೆ ಹೇಳಿದ ಮಾತು. ಬಿಲ್ಲಿನ ಒಂದು ತುದಿಯನ್ನು ಪಾದಕ್ಕೆ ಆನಿಸಿ, ನಡುವೆ ಕಾಲು ತೂರಿಸಿ, ಹಲ್ಲು ಕಚ್ಚಿ ಬಗ್ಗಿಸುತ್ತಿದ್ದವನನ್ನು ದೂರದಿಂದ ಕಂಡವರು, ಯಾರೋ ಮುದುಕ ಒದ್ದೆ ಪ್ಯಾಂಟು ಬಿಚ್ಚಲಾರದೆ ಒದ್ದಾಡುತ್ತಿದ್ದಾನೆ ಎಂದುಕೊಳ್ಳಬೇಕಿತ್ತು.

"ಅಲ್ಲ ಭಾವ, ಆ ಬಿಲ್ಲು ಜಿಂಕೆಗೋ, ಉಣ್ಣೆ ಹಿಂಜೋಕೋ?" ಎಂದ ವಿಲ್ಹೊ. ಅವನು ಸುಲೊನ ತಂಗಿಯ ಗಂಡ. ಅವನ ಕೈಯಲ್ಲಿದ್ದದ್ದು ಹೊಸ ಬಿಲ್ಲು. ಅದಕ್ಕೆ ಕಪ್ಪಿಗಳು, ತಂತಿಗಳು, ಗುರಿ ನೋಡುವ ಗಾಜು, ಇನ್ನೂ ಏನೇನೋ.

"ಉಣ್ಣೆ ಹಿಂಜೋಕೂ ಆಗಲ್ಲ ಕಣಯ್ಯ, ಕುರಿ ನಗ್ತವೆ," ಎಂದ ಸುಲೊ.

ಅದು ಅವನ ಅಭ್ಯಾಸ. ಬೇರೆಯವರು ನಗುವ ಮೊದಲು ತಾನೇ ತನ್ನನ್ನು ನೋಡಿ ನಕ್ಕುಬಿಡುವುದು. ಚಿಕ್ಕಂದಿನಲ್ಲಿ ಎರಡು ಚಳಿಗಾಲ ಶಾಲೆಗೆ ಹೋಗಿ, ಆಮೇಲೆ ಮರದ ದಿಮ್ಮಿ ಎಳೆಯುವುದಕ್ಕೆ ಸೇರಿದವನು. ದಿಮ್ಮಿಯ ಕೆಲಸದಲ್ಲಿ ಸಣ್ಣಾಳಾಗಿ ಬದುಕಿ ಉಳಿಯಲು ಅವನಿಗೆ ಸಿಕ್ಕ ಉಪಾಯ ಇದೊಂದೇ.

ಬಿಲ್ಲು ಫೈಬರ್‌ಗ್ಲಾಸಿನದು, ಬಣ್ಣ ಹೋಗಿ ಹಳೇ ಹಲ್ಲಿನಂತೆ ಹಳದಿಗಟ್ಟಿತ್ತು. ಚರ್ಚಿನ ನೆಲಮಾಳಿಗೆಯಲ್ಲಿ ಹಳೇ ಸಾಮಾನು ಮಾರುವ ದಿನ, ಒಂದು ಮುರುಕು ದೀಪದ ಜೊತೆಗೆ ಬಂದದ್ದು. ಸುಲೊಗೆ ಬೇಕಾಗಿದ್ದದ್ದು ದೀಪ. ಆದರೂ ಆ ಬಿಲ್ಲಿನಲ್ಲಿ ಅವನು ಒಂದು ಕಾಲಕ್ಕೆ ಜಿಂಕೆ ಹೊಡೆದಿದ್ದ, ಒಂದಲ್ಲ, ಹಲವು. ಬಿಲ್ಲಿಗೆ ಬಲ ಸಾಲದೆಂದು ಅವನು ಜಿಂಕೆಯನ್ನು ತೀರ ಹತ್ತಿರ ಬರಗೊಡುತ್ತಿದ್ದ, ಅದು ಮೆಲ್ಲುವ ಸದ್ದು ಕೇಳುವಷ್ಟು ಹತ್ತಿರ. ಅಷ್ಟು ಹೊತ್ತು ಕೆಮ್ಮದೆ ಕೂರುವುದಷ್ಟೇ ಅವನ ವಿದ್ಯೆ. ಈಚಿನ ವರ್ಷಗಳಲ್ಲಿ ಕೆಮ್ಮು ಗೆದ್ದಿತ್ತು, ಮೂಳೆ ಸೋತಿತ್ತು.

ಗುಡಿಸಲಿನ ಅಡುಗೆ ನೋಡಿಕೊಳ್ಳುತ್ತಿದ್ದ ಒನ್ನಿ ಆ ಬೇಸಿಗೆಯಲ್ಲಿ ಮಗಳ ಮನೆಗೆ ಹೋಗಿ ನೆಲೆಸಿದ್ದ. ಸೌಟು ಒಲೆಯ ಪಕ್ಕದ ಮೊಳೆಗೆ ನೇತಾಡುತ್ತಿತ್ತು. ಅಲ್ಲಿನ ಪದ್ಧತಿ ಎಲ್ಲರಿಗೂ ಗೊತ್ತು: ಬೇಟೆ ಕೈಲಾಗದವನು ಸೌಟು ಹಿಡಿಯಬೇಕು, ತಾನು ಜಿಂಕೆಗೆ ಕಾಯುವ ಜಾಗವನ್ನು ಮುಂದಿನವರಿಗೆ ಬಿಡಬೇಕು. ಸುಲೊನ ಜಾಗ ಹಾಳುಬಿದ್ದ ಹೊಲದ ಅಂಚಿನ ಸೇಬಿನ ಮರ. ಅದರ ಬುಡಕ್ಕೆ ಬೆನ್ನಾನಿಸಿ ಕೂತರೆ ಅವನಿಗೆ ಯಾರ ಮುಂದೆಯೂ ನಗೆಗಾರನಾಗುವ ಅಗತ್ಯವಿರಲಿಲ್ಲ. ವರ್ಷಕ್ಕೆ ಅಷ್ಟು ದಿನವಾದರೂ ಸುಮ್ಮನಿರುವ ಆ ಜಾಗ ಹೋಗುತ್ತದೆಂಬುದು ಅವನ ಒಳಗಿನ ಭಯ. ಅದನ್ನು ಮಾತ್ರ ಅವನು ತಮಾಷೆ ಮಾಡಿರಲಿಲ್ಲ.

"ಈ ಸಲವೂ ತಪ್ಪಿದ್ರೆ ಜಾಗ ಕೆರ್ತುಗೆ," ಎಂದ ವಿಲ್ಹೊ, ನಗುತ್ತಲೇ. ಕೆರ್ತು ಅವನ ಮಗಳು, ಕಾಗದದ ಕಾರ್ಖಾನೆಯಲ್ಲಿ ಪಾಳಿ ಕೆಲಸದವಳು. ಮಾತು ಕಡಿಮೆ.

"ನಂಗೇನೂ ಅವಸರ ಇಲ್ಲ ಮಾವ," ಎಂದಳು ಕೆರ್ತು.

"ನಂಗಿದೆಯಲ್ಲಮ್ಮ," ಎಂದು ಸುಲೊ ಬಿಲ್ಲು ಹೆಗಲಿಗೇರಿಸಿ ಹೊರಟ.

ಬಿಸಿಲು ಇಳಿದು ಹುಲ್ಲು ಬೂದಿ ಬಣ್ಣಕ್ಕೆ ತಿರುಗುವಾಗ ಜಿಂಕೆ ಬಂತು. ಎಳೇ ಕೊಂಬಿನ ಗಂಡು. ಬಿದ್ದ ಸೇಬೊಂದನ್ನು ಕಚ್ಚಿ, ಹುಳಿಗೆ ಮುಖ ಕಿವುಚಿ, ಇನ್ನೊಂದಕ್ಕೆ ಬಾಯಿ ಹಾಕಿತು. ಸುಲೊನ ಗಂಟಲು ಕೆರೆಯತೊಡಗಿತು. ಕಣ್ಣಲ್ಲಿ ನೀರು ತುಂಬಿತು. ಜಿಂಕೆ ಪಕ್ಕ ತಿರುಗಿತು. ಅವನು ಹೆದೆಯೆಳೆದ. ಕೆಮ್ಮು ಬರುವುದಕ್ಕೂ ಬಾಣ ಬಿಡುವುದಕ್ಕೂ ಸರಿಹೋಯಿತು.

ಜಿಂಕೆ ಓಡಲಿಲ್ಲ. ಎರಡು ಹೆಜ್ಜೆ ನೆಗೆದು ನಿಂತು, ಕೆಮ್ಮುತ್ತಿದ್ದ ಮುದುಕನ ಕಡೆ ನೋಡಿ, ದೇವದಾರು ಪೊದೆಗಳ ಕಡೆ ಮೆಲ್ಲಗೆ ನಡೆದು ಮರೆಯಾಯಿತು.

ತಪ್ಪಿತು, ಎಂದುಕೊಂಡ ಸುಲೊ. ಮತ್ತೇನಾಗುತ್ತೆ, ಬಿಟ್ಟವನು ತಾನಲ್ಲವೇ.

ಬಾಣ ಬಿಟ್ಟ ಮೇಲೆ ತಪ್ಪಿರಲಿ ತಗಲಿರಲಿ, ಹೋಗಿ ಬಾಣ ಹುಡುಕಬೇಕು. ಇದನ್ನು ಕೆರ್ತುಗೆ ಕಲಿಸಿದವನೂ ಅವನೇ. ಆದರೆ ಕತ್ತಲಾಗುತ್ತಿತ್ತು, ಮೊಣಕಾಲು ಮರಗಟ್ಟಿತ್ತು. ಅದಕ್ಕಿಂತ ಹೆಚ್ಚಾಗಿ, ಸೌನಾದಲ್ಲಿ, ಆ ಆವಿಸ್ನಾನದ ಕೋಣೆಯಲ್ಲಿ, ವಿಲ್ಹೊ ಮತ್ತು ಕೆರ್ತು ಮುಂದೆ ಇದನ್ನು ಹೇಗೆ ಹೇಳಬೇಕೆಂಬ ಕಥೆ ಅಷ್ಟರಲ್ಲೇ ತಲೆಯಲ್ಲಿ ಎದ್ದು ಕೂತಿತ್ತು. ಅವನು ಎದ್ದು, ಕಥೆಯನ್ನು ಜೋಡಿಸುತ್ತ ಗುಡಿಸಲಿನ ದಾರಿ ಹಿಡಿದ.

ಕಥೆ ಚೆನ್ನಾಗಿಯೇ ಬಂತು. ಕಾದ ಕಲ್ಲಿನ ಮೇಲೆ ನೀರು ಸುರಿದು, ಆವಿಯ ನಡುವೆ ಟವೆಲು ಸುತ್ತಿಕೊಂಡು ಎದ್ದು ನಿಂತು, ಅವನು ಜಿಂಕೆಯಾಗಿ ಕತ್ತು ತಿರುಗಿಸಿ ತೋರಿಸಿದ.

"ಹಿಂಗೆ ನೋಡ್ತು ಕಣಯ್ಯ! 'ಅಜ್ಜ, ಕೆಮ್ಮಿಗೆ ಏನಾದ್ರೂ ತಗೋಬಾರ್ದಾ' ಅನ್ನೋ ಹಂಗೆ. ಬಾಣ ಎಲ್ಲಿಗೆ ಹೋಯ್ತೋ, ಕೆನಡಾದಲ್ಲಿ ಯಾರಿಗಾದ್ರೂ ಸಿಕ್ರೆ ವಾಪಸ್ ಕಳಿಸ್ತಾರೆ."

ವಿಲ್ಹೊ ಬಿದ್ದು ಬಿದ್ದು ನಕ್ಕ. ಬೆಂಚಿನ ಮೂಲೆಯಲ್ಲಿದ್ದ ಕೆರ್ತುವೂ ನಕ್ಕಳು. ಆಮೇಲೆ ಗುಡಿಸಲಿನಲ್ಲಿ ಗುರಿ ತಪ್ಪಿದವನಿಗೆ ಆಗುವುದು ಆಯಿತು. ವಿಲ್ಹೊ ಕತ್ತರಿ ತಂದು ಸುಲೊನ ಅಂಗಿಯ ಹಿಂಭಾಗದ ಅಂಚು ಕತ್ತರಿಸಿ ಗೋಡೆಗೆ ಮೊಳೆ ಹೊಡೆದ. ಗೋಡೆಯಲ್ಲಿ ಸುಲೊನ ಅಂಗಿ ಚೂರುಗಳೇ ಹೆಚ್ಚು. ಎಲ್ಲ ಸೇರಿಸಿ ಹೊಲಿದರೆ ಒಂದು ಕೌದಿಯಾಗುತ್ತದೆಂದು ಅವನೇ ಅಂದ. ಅಂದು, ಸೌಟನ್ನು ತಾನೇ ಮೊಳೆಯಿಂದ ತೆಗೆದು ಸಾರು ಕಲಕಿದ. ಯಾರೂ ತೆಗೆದುಕೊ ಎನ್ನುವ ಮೊದಲೇ ತೆಗೆದುಕೊಂಡರೆ ನೋವು ಕಡಿಮೆ.

ಬೆಳಿಗ್ಗೆ ಹುಲ್ಲಿನ ಮೇಲೆ ಇಬ್ಬನಿ ಬೆಳ್ಳಗೆ ಹೆಪ್ಪುಗಟ್ಟಿತ್ತು. ಕೆರ್ತು ಬೆಳಕು ಹರಿಯುವ ಮೊದಲೇ ಸೇಬಿನ ಮರಕ್ಕೆ ಹೋಗಿದ್ದಳು. ಸುಲೊ ಓಟ್ಸ್ ಗಂಜಿ ಕಲಕುತ್ತಿದ್ದ, ತಳ ಹಿಡಿಯುತ್ತಿತ್ತು. ಬಾಗಿಲು ಧಡಾರನೆ ತೆರೆಯಿತು.

"ಮಾವ, ಇದು ಯಾರದು?"

ಅವಳ ಕೈಯಲ್ಲಿ ಒಂದು ಬಾಣ. ಸುಲೊನ ಬಾಣಗಳಿಗಿದ್ದಂಥದೇ ಟರ್ಕಿ ಕೋಳಿಯ ಗರಿ, ಕೆಂಪು ದಾರದ ಸುತ್ತು. ಅಲಗಿನಿಂದ ಗರಿಯವರೆಗೆ ರಕ್ತ ಒಣಗಿ ಕಪ್ಪಾಗಿತ್ತು. ಗರಿಗಳು ಒಂದಕ್ಕೊಂದು ಅಂಟಿಕೊಂಡಿದ್ದವು.

"ಕೆನಡಾದಲ್ಲಿ ಅಲ್ಲ, ಮರದ ಮುಂದೇನೇ ಹುಲ್ಲಲ್ಲಿ ನೆಲಕ್ಕೆ ನೆಟ್ಟಿತ್ತು. ಜಿಂಕೆ ಒಳಗೆ ಹೊಕ್ಕು ಆಚೆ ಬಂದಿದೆ. ನಾಕು ಹೆಜ್ಜೆ ಹೋಗಿದ್ರೆ ಕಾಣ್ತಿತ್ತಲ್ಲ ಮಾವ! ಅದು ಅಲ್ಲಿ ಸಾಯ್ತಿತ್ತು, ನೀನಿಲ್ಲಿ ನಮ್ಮನ್ನ ನಗಿಸ್ತಿದ್ದೆ."

ವಿಲ್ಹೊ ಏನೋ ತಮಾಷೆ ಮಾಡಲು ಬಾಯಿ ತೆರೆದ. ಮಗಳ ಮುಖ ನೋಡಿ ಮುಚ್ಚಿದ. ಸುಲೊಗೂ ಒಂದು ಮಾತು ನಾಲಿಗೆಯ ತುದಿಗೆ ಬಂದಿತ್ತು, ಎಂದಿನಂತೆ ತನ್ನನ್ನೇ ಆಡಿಕೊಳ್ಳುವ ಮಾತು. ಅದು ಜೀವಮಾನದಲ್ಲೇ ಮೊದಲ ಸಲ ಅವನಿಗೆ ಕಹಿಯಾಯಿತು. ನುಂಗಿಕೊಂಡ. ಒಲೆಯಿಂದ ಗಂಜಿ ಇಳಿಸಿ ಕೋಟು ಹಾಕಿಕೊಂಡ.

ಪೊದೆಗಳವರೆಗೆ ಅವನು ಮುಂದೆ, ಅವರಿಬ್ಬರು ಹಿಂದೆ. ಇಬ್ಬನಿ ರಕ್ತವನ್ನು ಮುಚ್ಚಿತ್ತು. ಮರಗಟ್ಟಿದ್ದ ಮೊಣಕಾಲನ್ನೇ ಊರಿ, ಎಲೆ ಎಲೆ ಮಗುಚುತ್ತ, ಅಂಗೈ ಶಾಖದಲ್ಲಿ ಇಬ್ಬನಿ ಕರಗಿಸಿ ನೋಡುತ್ತ ಸುಲೊ ಹೋದ. ಒಂದು ಕಡೆ ಜಾಡು ಸಂಪೂರ್ಣ ತಪ್ಪಿತು. ಅಷ್ಟರಲ್ಲಿ ಕಾಡುಕಾಗೆಗಳು ಕೂಗಿದವು. ಸೇಬಿನ ಮರದಿಂದ ಕಲ್ಲೆಸೆತದಷ್ಟೂ ದೂರವಿಲ್ಲ, ದೇವದಾರು ಬುಡದಲ್ಲಿ ಜಿಂಕೆ ಮಲಗಿದಂತೆ ಬಿದ್ದಿತ್ತು. ಬಾಣ ಎದೆಯ ಸರಿಯಾದ ಜಾಗದಲ್ಲೇ ಹೊಕ್ಕಿತ್ತು. ನೋವು ಬಹಳ ಹೊತ್ತು ಇದ್ದಿರಲಾರದು. ಹಿಂದಿನ ಒಂದು ತೊಡೆಯನ್ನು ರಾತ್ರಿ ಕಯೋಟಿ ಎಂಬ ಕಾಡುನಾಯಿಗಳು ಮೂಳೆವರೆಗೆ ತಿಂದಿದ್ದವು.

"ಚಳಿಗೆ ಉಳಿದದ್ದು ಕೆಟ್ಟಿಲ್ಲ," ಎಂದ ವಿಲ್ಹೊ ಮೂಸಿ ನೋಡಿ. "ಭಾವ, ಇಷ್ಟು ಚೆನ್ನಾಗಿ ನಾನು ಈ ಕಪ್ಪಿ ಬಿಲ್ಲಲ್ಲೂ ಹೊಡೆದಿಲ್ಲ. ಬಿಲ್ಲು ಸದ್ದೇ ಮಾಡಿಲ್ಲ ನೋಡು, ಅದಕ್ಕೇ ಜಿಂಕೆಗೆ ಗೊತ್ತೇ ಆಗಿಲ್ಲ."

"ನಂಗೂ ಗೊತ್ತಾಗಿಲ್ಲ," ಎಂದ ಸುಲೊ. ಯಾರೂ ನಗಲಿಲ್ಲ. ಅವನು ನಗಿಸಲು ಹೇಳಿರಲೂ ಇಲ್ಲ.

ಹೊಟ್ಟೆ ಬಗೆಯುವ ಕೆಲಸ ಅವನೇ ಮಾಡಿದ, ಬೇರೆಯವರಿಗೆ ಚಾಕು ಕೊಡಲಿಲ್ಲ. ಮಾಂಸ ತಂದು ತೊಲೆಗೆ ನೇತುಹಾಕಿದ ಮೇಲೆ ವಿಲ್ಹೊ ಗೋಡೆಯ ಅಂಗಿ ಚೂರನ್ನು ಕಿತ್ತುಹಾಕಲು ಅದರ ಮೊಳೆಗೆ ಇಕ್ಕಳ ಹಾಕಿದ.

"ಬಿಡು ಅದನ್ನ," ಎಂದ ಸುಲೊ. "ಗುರಿ ತಪ್ಪಿದ್ದಕ್ಕೆ ಮೊಳೆ ಹೊಡೆದದ್ದಲ್ಲ ಅಂದ್ಕೋ. ಹುಡುಕದೆ ಬಂದದ್ದಕ್ಕೆ."

"ಆದ್ರೆ ಜಿಂಕೆ ಹೊಡೆದಿದ್ದೀಯಲ್ಲ. ಜಾಗ ನಿಂದೇ."

ಆ ಮಾತಿಗಾಗಿ ಸುಲೊ ಕೆಲವು ವರ್ಷಗಳಿಂದ ಕಾದಿದ್ದ. ಆದರೂ "ಈ ವರ್ಷ ಬೇಡ," ಎಂದ. "ಕೆರ್ತು ಕೂರ್ಲಿ. ಸೌಟು ನಾನೇ ಇಟ್ಕೋತೀನಿ. ಮುಂದಿನ ವರ್ಷ ಕೇಳ್ತೀನಿ, ಕೊಡೋದು ಬಿಡೋದು ಅವಳಿಗೆ ಬಿಟ್ಟದ್ದು."

"ಅಯ್ಯೋ, ತಪ್ಪು ನಿಂದು, ನಿನ್ನ ಗಂಜಿ ತಿನ್ನೋ ಶಿಕ್ಷೆ ನಮಗಾ?" ಎಂದು ವಿಲ್ಹೊ ಕೂಗಿದ. ಆಗ ಮಾತ್ರ ಕೆರ್ತುವಿನ ಮುಖ ಸಡಿಲವಾಯಿತು.

"ಕೇಳು ಮಾವ," ಎಂದಳು. "ಕೇಳಿದ್ರೆ ಕೊಡ್ತೀನಿ."

ವಾರವೆಲ್ಲ ಸುಲೊ ಅಡುಗೆ ಮಾಡಿದ. ಗಂಜಿ ದಿನವೂ ತಳ ಹಿಡಿಯಿತು. ಸೌನಾದಲ್ಲಿ ವಿಲ್ಹೊ ಎಷ್ಟು ಕೆಣಕಿದರೂ ಜಿಂಕೆಯ ಕಥೆಯನ್ನು ಅವನು ಮತ್ತೆ ಹೇಳಲಿಲ್ಲ, ಕಲ್ಲಿನ ಮೇಲೆ ನೀರು ಸುರಿದು ಸುಮ್ಮನೆ ಕೂತ. ಸುಮ್ಮನೆ ಕೂರಲು ಸೇಬಿನ ಮರವೇ ಬೇಕಿಲ್ಲವೆಂದು ಅವನಿಗೆ ಸ್ವಲ್ಪ ಆಶ್ಚರ್ಯವೂ ಆಯಿತು. ಶನಿವಾರ ಕೆರ್ತು ರಾತ್ರಿ ಪಾಳಿಗೆಂದು ತನ್ನ ಪಾಲಿನ ಮಾಂಸ ಕಟ್ಟಿಕೊಂಡು ಹೊರಟಳು, ವಿಲ್ಹೊ ಅವಳ ಗಾಡಿಯಲ್ಲೇ ಹೋದ. ಆ ರಾತ್ರಿ ಒಬ್ಬನೇ ಉಳಿದ ಸುಲೊ ಭಾನುವಾರ ಬೆಳಿಗ್ಗೆ ಒಲೆಯ ಬೂದಿ ತೆಗೆದು, ಬಾಗಿಲಿಗೆ ಹೊರಗಿನಿಂದ ಅಗುಳಿ ಹಾಕಿ ಹೊರಟ.