ನಿಮಿಷಕ್ಕೆ ಒಂದೇ ಸುತ್ತು

ಕನ್ನಡಿ ಚೂರು ಅಂಟಿಸಿದ ಗೋಳ ನಿಮಿಷಕ್ಕೆ ಒಂದು ಸುತ್ತು ತಿರುಗಿದರೆ ಸಾಕು. ಹದಿನೆಂಟು ವರ್ಷದಿಂದ ಸಭಾಂಗಣಗಳ ಚಾವಣಿಗೆ ಗೋಳ ನೇತುಹಾಕಿ, ಅದರ ಮೇಲೆ ಬೆಳಕು ಬಿಡುತ್ತಾ ಬಂದವನು ನಾನು, ಇಷ್ಟೂ ಗೊತ್ತಿರಬೇಡವೇ? ಆದರೆ ಅವತ್ತು ಒಂದು ಕಂಪನಿಯ ಸಂತೋಷಕೂಟ ನಡೆಸುತ್ತಿದ್ದ ಮ್ಯಾನೇಜರಿಗೆ ಹೇಳಿದ್ದೆಲ್ಲ ಗೋಡೆಗೆ ಹೇಳಿದ ಹಾಗಾಯಿತು. ವೇಗ ಬದಲಿಸುವ ಹೊಸ ಮೋಟರನ್ನು ಆತ ತಾನೇ ತಂದು ಹಾಕಿಸಿ, ಅದರ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದ್ದ.

"ಎನರ್ಜಿ ಬೇಕು ಸರ್, ಎನರ್ಜಿ! ನಿಮ್ಮದು ನೋಡಿದ್ರೆ ನಿದ್ದೆ ಬರುತ್ತೆ."

ಗೋಡೆ, ನೆಲ, ಕುರ್ಚಿಗಳ ಮೇಲೆಲ್ಲ ಬೆಳಕಿನ ಚುಕ್ಕಿಗಳು ದಿಕ್ಕೆಟ್ಟು ಓಡುತ್ತಿದ್ದವು.

ನನ್ನ ಚಡಪಡಿಕೆಗೆ ಬೇರೆಯೇ ಕಾರಣವಿತ್ತು. ಆ ಮಧ್ಯಾಹ್ನ ಹಾಡಬೇಕಾಗಿದ್ದವಳು ನನ್ನ ಅಕ್ಕ. ಒಳಗಿವಿಯ ಕಾಯಿಲೆಯಿಂದ ಎರಡು ವರ್ಷ ವೇದಿಕೆಯನ್ನೇ ಬಿಟ್ಟಿದ್ದಳು. ಕಣ್ಣೆದುರು ಏನಾದರೂ ಜೋರಾಗಿ ತಿರುಗಿದರೆ ಈಗಲೂ ಅವಳಿಗೆ ತಲೆ ಸುತ್ತುತ್ತದೆ. ಒಮ್ಮೆ ಫ್ಯಾನಿನ ಅಂಗಡಿಯಲ್ಲೇ ಕುಸಿದು ಕೂತಿದ್ದಳು. ಎರಡು ವರ್ಷ ಎಲ್ಲಿ ಹೋಗಿದ್ದೆ ಎಂದು ಕೇಳಿದವರಿಗೆಲ್ಲ ಮಗಳ ಓದಿನ ನೆಪ ಹೇಳಿದ್ದಳು. ಬೆಳಿಗ್ಗೆ ವ್ಯಾನಿನಲ್ಲಿ ನನಗೂ ತಾಕೀತಾಯಿತು.

"ಯಾರ ಹತ್ರಾನೂ ಬಾಯಿ ಬಿಡ್ಬೇಡ ಕಣೋ. ಕಾಯಿಲೆಯವಳು ಅಂತ ಒಂದ್ಸಲ ಹೆಸರು ಬಿದ್ರೆ ಮತ್ತೆ ಯಾರೂ ಕರೆಯಲ್ಲ. ಲೈಟು ನಿಂದೇ ತಾನೆ, ನೀನು ನೋಡ್ಕೋ."

ಏನು ನೋಡಿಕೊಳ್ಳುವುದು, ನನ್ನ ಕರ್ಮ! ಮೋಟರು ಬಿಸಿಯಾಗುತ್ತದೆ ಎಂದೆ; ಹೊಸದು, ಆಗಲ್ಲ ಎಂದ. ವಿಡಿಯೋ ಕೆಡುತ್ತದೆ ಎಂದೆ. ವಿಡಿಯೋದವನನ್ನೇ ಕರೆದು ಕೇಳಿದ, ಆ ಪುಣ್ಯಾತ್ಮ "ಸೂಪರಾಗಿದೆ" ಅಂದುಬಿಟ್ಟ. ಕದ್ದು ಗುಂಡಿ ಹಿಂದಕ್ಕೆ ತಿರುಗಿಸಿದೆ. ಆತ ಮತ್ತೆ ಮುಂದಕ್ಕೆ ತಿರುಗಿಸಿ ಅದರ ಮೇಲೆ ಟೇಪು ಅಂಟಿಸಿದ. ಕೊನೆಗೆ ಗೋಳಕ್ಕೆ ಬೆಳಕು ಬಿಡುವ ದೀಪವನ್ನೇ ಆರಿಸಿದೆ.

"ಇನ್ನೊಂದ್ಸಲ ಆರಿಸಿದ್ರೆ ಬೇರೆಯವರನ್ನ ಕೂರಿಸ್ತೀನಿ," ಎಂದು ಸ್ವಿಚ್ಚಿನ ಪಕ್ಕದಲ್ಲೇ ನಿಂತ. ಮೈಯೆಲ್ಲ ಉರಿದುಹೋಯಿತು. ನಿಜ ಹೇಳುವ ಹಾಗಿಲ್ಲ, ಸುಳ್ಳನ್ನು ಆತ ನಂಬುವುದಿಲ್ಲ.

ಕಿಟಕಿಗಳ ಕಪ್ಪು ಪರದೆ ಎಳೆದರು. ಅಕ್ಕ ವೇದಿಕೆಯ ಮೆಟ್ಟಿಲಿಗೆ ಕಾಲಿಟ್ಟಳು. ಚುಕ್ಕಿಗಳು ಮುಖದ ಮೇಲೆ ಹರಿದದ್ದೇ ತಡ, ಕಂಬಿ ಹಿಡಿದು ನಿಂತುಬಿಟ್ಟಳು. ನಾನು ಮ್ಯಾನೇಜರನ ತೋಳು ಹಿಡಿದು ಕೂಗಿಬಿಟ್ಟೆ.

"ಅವಳಿಗೆ ತಲೆ ಸುತ್ತೋ ಕಾಯಿಲೆ ಇದೆ ಕಣ್ರೀ! ಬಿದ್ದುಹೋಗ್ತಾಳೆ!"

ಮ್ಯಾನೇಜರನ ಮುಖ ಸಪ್ಪಗಾಯಿತು. "ಅಯ್ಯೋ, ಮೊದಲೇ ಹೇಳ್ಬಾರ್ದಾ ಸರ್?" ಎನ್ನುತ್ತಾ ಟೇಪು ಕಿತ್ತು, ಗೋಳವನ್ನು ತಾನೇ ನಿಧಾನ ಮಾಡಿದ. ಕೆಟ್ಟವನಲ್ಲ ಪಾಪ. ನಾನು ತಡೆಯುವಷ್ಟರಲ್ಲಿ ಓಡಿಹೋಗಿ ಮೈಕನ್ನೂ ಹಿಡಿದ.

"ನಮ್ಮ ಗಾಯಕಿಗೆ ತಲೆ ಸುತ್ತೋ ಕಾಯಿಲೆ ಇದೆಯಂತೆ. ಆದ್ರೂ ನಮಗೋಸ್ಕರ ಬಂದಿದ್ದಾರೆ. ಜೋರಾಗಿ ಚಪ್ಪಾಳೆ ಹೊಡೀರಿ!"

ಹೊಡೆದರು. ಯಾರೋ ಅವಳ ಹಿಂದೆ ಒಂದು ಕುರ್ಚಿಯನ್ನೂ ತಂದಿಟ್ಟರು. ಅಕ್ಕ ಕೂರಲಿಲ್ಲ. ನಾಲ್ಕು ಹಾಡನ್ನೂ ನಿಂತೇ ಹಾಡಿದಳು, ಒಂದು ಸ್ವರವೂ ಅಲುಗಲಿಲ್ಲ. ಇಳಿದು ಬಂದಾಗ ಸುತ್ತ ಜನ ಸೇರಿದರು. ಒಬ್ಬಾಕೆ ಡಾಕ್ಟರ ನಂಬರು ಕೊಟ್ಟಳು, ಇನ್ನೊಬ್ಬರು ಉಪ್ಪು ಕಡಿಮೆ ಮಾಡಿ ಎಂದರು. ಹಾಡಿನ ಮಾತನ್ನು ಯಾರೂ ಎತ್ತಲಿಲ್ಲ.

ನಾನು ವೈರು ಸುತ್ತುತ್ತಿದ್ದಾಗ ಅಕ್ಕ ಹತ್ತಿರ ಬಂದಳು. ಬೈಯುತ್ತಾಳೆಂದು ತಲೆ ತಗ್ಗಿಸಿದೆ.

"ಬಿದ್ದಿದ್ರೆ, ಕಾಲು ಜಾರ್ತು ಅಂತಿದ್ದೆ ಕಣೋ," ಎಂದಳು. "ಈಗ ಏನಂತ ಹೇಳ್ಲಿ?"